ಒಡಪಿನಲ್ಲಿ ಹಿಡಿಯದ ಕಸಬು

ತಮ್ಮ ಪರಿಚಯ ತಾವು ಹೇಳಿಕೊಳ್ಳಲು ಬಾರದವರನ್ನು ಕಂಡರೆ ನನಗೆ ಮೊದಲಿನಿಂದಲೂ ಸಿಟ್ಟು. ನಾನು ಕೊಪ್ಪಳದ ಬಸ್ ನಿಲ್ದಾಣದಲ್ಲಿ ಬುಟ್ಟಿ ಹೊತ್ತು, ಯಲಬುರ್ಗಾ ಬಸ್ಸಿನ ಕಿಟಕಿಗಳಿಗೆ ಖಡಕ್ ರೊಟ್ಟಿ ಮಾರಿದವಳು. ನಾನು ಯಾರು, ನನ್ನ ರೊಟ್ಟಿ ಎಂಥದು, ಯಾಕೆ ತೆಗೆದುಕೊಳ್ಳಬೇಕು ಎಂಬುದನ್ನೆಲ್ಲ ಡ್ರೈವರ್ ಗೇರು ಹಾಕುವುದರೊಳಗೆ ಹೇಳಿ ಮುಗಿಸಬೇಕಿತ್ತು. ಈಗ ನನ್ನ ಹಿತ್ತಲಲ್ಲಿ ಸಾಲಾಗಿ ಒಲೆಗಳು ಉರಿಯುತ್ತವೆ, ಹೆಣ್ಣುಮಕ್ಕಳು ರೊಟ್ಟಿ ಬಡಿಯುತ್ತಾರೆ, ಶೇಂಗಾ ಚಟ್ನಿ ಹುಬ್ಬಳ್ಳಿಯವರೆಗೆ ಹೋಗುತ್ತದೆ. ಇದೆಲ್ಲ ಬಂದದ್ದು ಆ ಒಂದು ಉಸಿರಿನ ಪರಿಚಯದಿಂದ. ಆದ್ದರಿಂದ ಯಾರಿಗಾದರೂ ನಾನು ಮೊದಲು ಹೇಳುವ ಬುದ್ಧಿಮಾತು ಇದು: ಎದುರಿನವರಿಗೆ ತಿಳಿಯುವ ಮಾತಿನಲ್ಲಿ ನೀವು ಯಾರೆಂದು ಹೇಳಿ, ಉಳಿದದ್ದನ್ನು ಅವರು ಕೇಳಿದರೆ ಹೇಳಿ.

ಈ ಮಾತನ್ನು ನನ್ನ ಮೇಲಿನ ಖೋಲಿಯಲ್ಲಿ ಬಾಡಿಗೆಗಿದ್ದ ಹೆಣ್ಣುಮಗಳಿಗೆ ಎಷ್ಟು ಸಲ ಹೇಳಿದೆನೋ ಲೆಕ್ಕವಿಲ್ಲ. ಆಕೆಯ ಹೆಸರು ಇಲ್ಲಿ ಬರೆಯುವುದಿಲ್ಲ. ಆಕೆ ಇದನ್ನು ಹೇಗೂ ಓದುತ್ತಾಳೆ, ಓದಿ ತಿದ್ದುತ್ತಾಳೆ. ಅಷ್ಟು ಸಾಕು.

ಖೋಲಿ ಕೇಳಲು ಬಂದ ದಿನ ನಾನು ಚಟ್ನಿಯ ಪೊಟ್ಟಣಗಳಿಗೆ ಅಂಟು ಹಾಕುತ್ತ ಕೂತಿದ್ದೆ. ಏನು ಕೆಲಸ ಎಂದು ಕೇಳಿದೆ. ಆಕೆ ಬಾಗಿಲಲ್ಲೇ ನಿಂತು, ಚಪ್ಪಲಿಯನ್ನೂ ಬಿಡದೆ, ಎಲ್ಲವನ್ನೂ ಒಟ್ಟಿಗೆ ಸುರಿದಳು.

"ನಾ ಕತಿ ಬರಿತೀನ್ರಿ ಅಕ್ಕಾರ. ಅದು ನನ್ನ ಕಸಬು. ಹೊಟ್ಟಿಪಾಡಿಗೆ ಅಂಗಡಿಯವ್ರಿಗೆ ಜಾಹೀರಾತು ಬರಕೊಡ್ತೀನಿ. ಯಾವ ಆಫೀಸಿನ್ಯಾಗೂ ಇಲ್ಲ, ಯಾರ ಕೈಕೆಳಗೂ ಇಲ್ಲ. ಗಂಡನ್ನ ಬಿಟ್ಟು ಬಂದೀನಿ."

ಮನೆ ಕೊಡದಿರಲು ಎಷ್ಟು ಕಾರಣ ಬೇಕೋ ಅಷ್ಟನ್ನೂ ತಾನೇ ಹೊಂದಿಸಿ ಕೊಟ್ಟಂತಾಯಿತು. ನನ್ನಲ್ಲಿಗೆ ಬರುವ ಮೊದಲು ಊರಲ್ಲಿ ಬೇರೆ ಮನೆಗಳನ್ನೂ ಹೀಗೆಯೇ ಕೇಳಿ ಬಂದಿದ್ದಳಂತೆ. ಒಬ್ಬರು ಕತೆ ಎಂದರೆ ಟಿವಿಯಲ್ಲಿ ಬರುವುದೇ ಎಂದು ಕೇಳಿ, ಅಲ್ಲ ಎಂದ ಮೇಲೆ ಆಸಕ್ತಿ ಕಳೆದುಕೊಂಡರು. ಇನ್ನೊಬ್ಬರು ಪೇಪರಿನವಳೆಂದು ತಿಳಿದು, ತಾವು ಗುಟ್ಟಾಗಿ ಜೋಡಿಸಿಕೊಂಡ ನಳದ ಬಗ್ಗೆ ಬರೆದುಬಿಟ್ಟಾಳೆಂದು ಹೆದರಿ ಬಾಗಿಲು ಹಾಕಿಕೊಂಡರು. ಯಾರೂ ಕೆಟ್ಟವರಲ್ಲ. ಕುಷ್ಟಗಿಯಿಂದ ಗಂಗಾವತಿಯವರೆಗೆ ಎಲ್ಲಿ ಹೋದರೂ ಜನ ಕೇಳುವುದು ಯಾವೂರು, ಯಾರ ಪೈಕಿ, ಏನು ನೌಕರಿ ಎಂದೇ. ಆ ಪ್ರಶ್ನೆಗಳಿಗೆ ಕೂರುವ ಉತ್ತರ ಕೊಟ್ಟರೆ ಚಹಾ ಬರುತ್ತದೆ.

"ಟೀಚರ್ ಅನ್ನು, ತಂಗಿ," ಎಂದೆ. "ಟೀಚರ್ ಅಂದ್ರ ಮುಂದ ಯಾರೂ ಕೇಳೂದಿಲ್ಲ."

"ಯಾವ ಸಾಲಿ ಅಂತ ಕೇಳ್ತಾರಲ್ರಿ."

ಆಕೆಯ ತೊಂದರೆ ಇದೇ. ಸುಳ್ಳು ಹೇಳುವುದು ಪಾಪ ಎಂದು ಹೇಳಿದ್ದರೆ ನಾನು ಹೇಗೋ ಒಪ್ಪಿಸುತ್ತಿದ್ದೆ. ಆಕೆಗೆ ಸುಳ್ಳು ಸರಿಯಾಗಿ ಜೋಡಿಸಿರದಿದ್ದರೆ ಆಗುತ್ತಿರಲಿಲ್ಲ. ಕೊನೆಗೆ ಖೋಲಿ ಕೊಟ್ಟೆ. ಕರುಣೆಯಿಂದ ಅಲ್ಲ. ಪೊಟ್ಟಣದ ಮೇಲಿನ ಬರಹ ಬಾಡಿಗೆಯಲ್ಲೇ ಸರಿದೂಗುತ್ತದೆ ಎಂದು ಮನಸ್ಸಿನಲ್ಲೇ ವ್ಯವಹಾರ ಮುಗಿಸಿಕೊಂಡಿದ್ದೆ.

ಆ ವ್ಯವಹಾರದಲ್ಲಿ ನಾನು ಸೋತ ಬಗೆ ಕೇಳಿ. ರೊಟ್ಟಿಯ ಪೊಟ್ಟಣದ ಮೇಲೆ 'ಅಜ್ಜಿಯ ಕೈರುಚಿ' ಎಂದು ಬರೆಯಲು ಹೇಳಿದೆ. ಎಲ್ಲರೂ ಹಾಗೆಯೇ ಬರೆಯುತ್ತಾರೆ. ಯಾವ ಅಜ್ಜಿ ಎಂದು ಕೇಳಿದಳು. ನನ್ನ ಅಜ್ಜಿ ಬಡಿದ ರೊಟ್ಟಿ ಇಟ್ಟಿಗೆಯಂತಿರುತ್ತಿತ್ತು ಎಂದು ನಾನೇ ಹಿಂದೊಮ್ಮೆ ನಗುತ್ತ ಹೇಳಿಬಿಟ್ಟಿದ್ದೆ. ಅದನ್ನು ನೆನಪಿಟ್ಟುಕೊಂಡಿದ್ದಳು. ಹಿತ್ತಲಿಗೆ ಹೋಗಿ ಒಲೆಗಳ ಮುಂದೆ ಕೂತು, ರೊಟ್ಟಿ ಮುರಿದು ಮುರಿದು ಕಿವಿಗೊಟ್ಟು, ಕಡೆಗೆ ಬರೆದುಕೊಟ್ಟದ್ದು ಇಷ್ಟೇ: 'ಮುರಿದರೆ ಸದ್ದು ಬರಬೇಕು. ಬರದಿದ್ದರೆ ತಂದು ಕೊಡಿ.' ವಾಪಸ್ ತನ್ನಿ ಎಂದು ಪೊಟ್ಟಣದ ಮೇಲೆ ಅಚ್ಚು ಹಾಕಿಸುವ ವ್ಯಾಪಾರಿಯನ್ನು ನೀವು ಎಲ್ಲಾದರೂ ನೋಡಿದ್ದೀರಾ? ಜಗಳವಾಡಿದೆ. ಆದರೂ ಯಾಕೋ ಹಾಕಿಸಿದೆ. ಬೇಸಿಗೆಯಲ್ಲಿ ರೊಟ್ಟಿ ಹಿಂದೆಂದೂ ಇಲ್ಲದಷ್ಟು ಹೋಯಿತು. ಮಳೆಗಾಲದಲ್ಲಿ ತಂಪಿಗೆ ಮೆತ್ತಗಾದ ರೊಟ್ಟಿ ಹಿಡಿದು ಜನ ನಮ್ಮ ಬಾಗಿಲ ಮುಂದೆ ಸಾಲು ನಿಂತರು. ಆಕೆ ಮೇಲಿನ ಮೆಟ್ಟಿಲಲ್ಲಿ ಕೂತು ಆ ಸಾಲನ್ನು ನೋಡುತ್ತ, "ಓದ್ಯಾರಲ್ರಿ ಅಕ್ಕಾರ," ಎಂದಳು. ಆಕೆಗೆ ಅದೇ ಖುಷಿ.

ಕುಷ್ಟಗಿಯ ಬಟ್ಟೆ ಅಂಗಡಿಯವರ ಕತೆಯೂ ಹೀಗೆಯೇ. ಆಟೋದಲ್ಲಿ ಮೈಕು ಕಟ್ಟಿ ಊರೆಲ್ಲ ಸಾರಲು ನಾಲ್ಕು ಮಾತು ಬೇಕಿತ್ತು ಅವರಿಗೆ. ಈಕೆ ಆಟೋ ಹತ್ತಿ ಬಿಸಿಲಲ್ಲಿ ಊರು ತಿರುಗಿದಳು. ಯಾಕೆಂದು ಕೇಳಿದರೆ, ಆಟೋ ಎಲ್ಲೂ ನಿಲ್ಲುವುದಿಲ್ಲ, ಒಂದು ಮನೆಯ ಮುಂದೆ ಒಂದೇ ಮಾತು ಬೀಳುತ್ತದೆ, ಹಾಗಾಗಿ ಪ್ರತಿ ಮಾತೂ ತಾನೊಂದೇ ನಿಲ್ಲುವಂತಿರಬೇಕು ಎಂದಳು. ಕೇಳಿ ನನಗೂ ಹೌದೆನಿಸಿತು. ಬಸ್ಸಿನ ಕಿಟಕಿಯ ಲೆಕ್ಕವೂ ಅದೇ ತಾನೆ. ಆದರೆ ಅಂಗಡಿಯವರು 'ಇನ್ನು ಮೂರೇ ದಿನ' ಎಂಬ ಮಾತನ್ನು ಪ್ರತಿ ವಾರವೂ ಸಾರಬೇಕೆಂದರು. ಹೋದ ವಾರ ಮುಗಿದದ್ದು ಈ ವಾರ ಹೇಗೆ ಉಳಿದಿದೆ ಎಂದು ಈಕೆ ಅವರ ಗಲ್ಲಾದ ಮುಂದೆಯೇ, ಗಿರಾಕಿಗಳ ಎದುರು ಕೇಳಿದಳು. ಕೆಲಸ ಹೋಯಿತು.

ಸಂತೆಗೆ ಜೊತೆಯಲ್ಲಿ ಕರೆದುಕೊಂಡು ಹೋಗುವುದನ್ನು ನಾನು ಬೇಗನೇ ನಿಲ್ಲಿಸಿದೆ. ನಾನು ಹಿಟ್ನಾಳದಿಂದ ಬಂದ ಬದನೆಕಾಯಿಯವಳನ್ನು ಮಾತಿನಲ್ಲಿ ಹಣಿದು ಇನ್ನೇನು ಬೆಲೆ ಕೆಳಗಿಳಿಸಬೇಕು, ಅಷ್ಟರಲ್ಲಿ ಈಕೆ ಅವಳ ಪಕ್ಕ ಕುಕ್ಕರಗಾಲಲ್ಲಿ ಕೂತು, ಮಗ ಸಾಲಿ ಬಿಟ್ಟದ್ದು ಯಾಕೆ ಎಂದು ಶುರು ಮಾಡುತ್ತಿದ್ದಳು. ಕೇಳುವಾಗ ಬಾಯಲ್ಲಿ ಪೆನ್ನಿನ ಟೊಪ್ಪಿಗೆ, ನಡುನಡುವೆ "ಆಮ್ಯಾಲ?" ಕತೆ ಮುಗಿದ ಮೇಲೆ ಚೌಕಾಸಿ ಮಾಡಲು ಯಾವ ಬಾಯಿ ಉಳಿಯುತ್ತದೆ? ಕೇಳಿದ ಬೆಲೆಗೇ ತರುತ್ತಿದ್ದಳು. ಬರೆಯುವವಳೆಂದರೆ ಅರ್ಜಿ ಬರೆಯುವವಳೆಂದು ತಿಳಿದು ನಮ್ಮ ಓಣಿಯ ಮುದುಕಿಯೊಬ್ಬಳು ಪಿಂಚಣಿಯ ಅರ್ಜಿ ಬರೆಸಿಕೊಂಡು ಹೋದಳು. ಅದನ್ನು ಕಚೇರಿಯವರು ಕೊನೆಯತನಕ ಓದಿ, ಮುಂದೇನಾಯ್ತು ಎಂದು ಮುದುಕಿಯನ್ನೇ ಕೇಳಿದರಂತೆ. ಪಿಂಚಣಿ ಬಂತೋ ಇಲ್ಲವೋ ತಿಳಿಯದು. ಆಕೆಯ ಕತೆಗಳನ್ನು ವಾರಪತ್ರಿಕೆಯಲ್ಲಿ ನಾನೂ ಓದಿದ್ದೇನೆ. ಚೆನ್ನಾಗಿರುತ್ತಿದ್ದವು, ಮುಗಿಯುತ್ತಿರಲಿಲ್ಲ.

ಇಷ್ಟರಲ್ಲಿ ಯಲಬುರ್ಗಾದಿಂದ ಆಕೆಯ ಅಣ್ಣ ಬಂದ. ಒಳ್ಳೆಯ ಮನುಷ್ಯ, ಎರಿ ಹೊಲದ, ಅಂದರೆ ಕಪ್ಪು ಮಣ್ಣಿನ, ಒಕ್ಕಲುತನ. ನಮ್ಮ ಪಡಸಾಲೆಯಲ್ಲಿ ಕೂತು ನನಗೇ ಹೇಳಿದ: ಸ್ಥಿರವಾದ ಕೆಲಸವೊಂದು ಸಿಕ್ಕರೆ ಸರಿ, ದೀಪಾವಳಿಯವರೆಗೆ ನೋಡುತ್ತೇನೆ, ಇಲ್ಲದಿದ್ದರೆ ಟೆಂಪೋ ತಂದು ಮನೆಗೆ ಕರೆದೊಯ್ಯುತ್ತೇನೆ, ಮನೆಯಲ್ಲಿ ಉಣ್ಣುವುದಕ್ಕೇನೂ ಕಡಿಮೆಯಿಲ್ಲ ಎಂದು. ಆತ ಹೋದ ಮೇಲೆ ಆಕೆ, ಆ ಮನೆಯಲ್ಲಿ ಎಲ್ಲರೂ ಒಳ್ಳೆಯವರು, ಎಲ್ಲರೂ ಒಂದೇ ಕೋಣೆಯಲ್ಲಿ ಮಲಗುತ್ತಾರೆ, ದೀಪ ಬೇಗ ಆರಿಸುತ್ತಾರೆ, ಹೋದರೆ ನಾನು ಇನ್ನು ಒಂದಕ್ಷರವನ್ನೂ ಬರೆಯುವುದಿಲ್ಲ ಎಂದಳು. ಅಳಲಿಲ್ಲ. ಪೆನ್ನಿನ ಟೊಪ್ಪಿಗೆಯನ್ನು ಕಚ್ಚಿ ಮುರಿದಿದ್ದಳು.

ಕೆಲಸ ಹುಡುಕುವುದು ನನ್ನ ಪಾಲಿಗೆ ಬಂತು. ಗಂಗಾವತಿಯ ಅಕ್ಕಿ ಗಿರಣಿಯ ಮನೆಯೊಂದಕ್ಕೆ ನಾನು ಹಬ್ಬ ಹುಣ್ಣಿಮೆಗಳಿಗೆ ರೊಟ್ಟಿ ಕಳಿಸುತ್ತಿದ್ದೆ. ಅವರು ತಮ್ಮದೇ ಹೆಸರಿನಲ್ಲಿ ಸಣ್ಣ ಚೀಲದ ಸೋನಾ ಮಸೂರಿ ಹೊರಡಿಸುವವರಿದ್ದರು. ಚೀಲದ ಮೇಲೆ, ಗೋಡೆಯ ಮೇಲೆ, ಫೋನಿನಲ್ಲಿ ಕಳಿಸಲು ತಿಂಗಳು ತಿಂಗಳೂ ಬರೆದುಕೊಡುವವರೊಬ್ಬರು ಬೇಕಾಗಿದ್ದರು. ಗಿರಣಿ ನಡೆಸುವುದು ಮಕ್ಕಳು, ಆದರೆ ಮಾತು ನಡೆಯುವುದು ಅವರ ತಾಯಿಯದು. ಗಂಡ ತೀರಿಕೊಂಡ ಮೇಲೆ ಆ ಹಿರಿಯರು ಮಾತು ಕಡಿಮೆ ಮಾಡಿದ್ದರು, ಹೂಂ ಎಂದರೆ ಹೂಂ. ನನ್ನ ಬಸುರಿ ಮಗಳ ಕುಬುಸದ ಕಾರ್ಯಕ್ಕೆ ಅವರನ್ನು ಕರೆದೆ, ಬರುತ್ತೇವೆ ಎಂದರು. ಅಲ್ಲಿಯೇ ಪರಿಚಯ ಮಾಡಿಸಿ, ಊಟದ ಹೊತ್ತಿಗೆ ಮಾತು ಮುಗಿಸಬೇಕೆಂದು ಗೊತ್ತು ಮಾಡಿಕೊಂಡೆ. ವ್ಯವಹಾರ ಯಾವಾಗಲೂ ಎದುರಿನವರು ಹೋಳಿಗೆ ತಿನ್ನುತ್ತಿರುವಾಗ ಮಾತಾಡಬೇಕು. ಇದನ್ನೂ ಬರೆದಿಟ್ಟುಕೊಳ್ಳಿ.

ಹಿಂದಿನ ದಿನ ಆಕೆಯನ್ನು ಕೂರಿಸಿಕೊಂಡು ಪಾಠ ಹೇಳಿದೆ. ಹಿರಿಯರ ಮನೆ, ಗಂಡನನ್ನು ಬಿಟ್ಟವಳೆಂದರೆ ಹಿಂದೆ ಸರಿಯುತ್ತಾರೆ.

"ಗಂಡ ಪುಣೆದಾಗ ಅದಾನ ಅನ್ನು. ಅಷ್ಟ ಸಾಕು."

"ಪುಣೆದಾಗ ಏನ್ ಮಾಡ್ತಾನ್ರಿ?"

"ಏನರ ಮಾಡ್ಲಿ. ಕಂಪನಿಯಾಗ ಅದಾನ."

"ಊರಿಗೆ ಯಾವಾಗ ಬರ್ತಾನ? ಪಂಚಮಿಗೆ ಯಾಕ ಬರಲಿಲ್ಲ? ನಾ ಯಾಕ ಅಲ್ಲಿಗೆ ಹೋಗಿಲ್ಲ?" ಎಂದು ಬೆರಳು ಮಡಚುತ್ತ ಹೋದಳು. "ಇಷ್ಟು ಸಡ್ಲ ಕತಿ ನಾ ಬರಿಯೂದಿಲ್ರಿ ಅಕ್ಕಾರ."

"ಬರೀಬ್ಯಾಡ ತಾಯಿ. ಬರೇ ಹೇಳು."

ನೋಡುತ್ತೇನೆ ಎಂದಳು. ಆಕೆ ನೋಡುತ್ತೇನೆ ಎಂದರೆ ಇಲ್ಲವೆಂದೇ ಅರ್ಥ ಎಂದು ನನಗೆ ಗೊತ್ತಿರಬೇಕಿತ್ತು.

ಮರುದಿನ ಪಡಸಾಲೆಯಲ್ಲಿ ಜಮಖಾನ ಹಾಸಿ ಹೆಂಗಸರೆಲ್ಲ ಸುತ್ತ ಕೂತಿದ್ದರು. ಮಗಳು ಹಸಿರು ಸೀರೆ, ಹಸಿರು ಬಳೆ ತೊಟ್ಟು ನಡುವೆ. ಗಿರಣಿಯ ಹಿರಿಯರಿಗೆ ಮೊಣಕಾಲು ನೋವು, ಗೋಡೆಯ ಪಕ್ಕ ಕುರ್ಚಿ ಹಾಕಿಸಿದ್ದೆ. ಆರತಿ ಎತ್ತುವಾಗಲೂ ಉಡಿ ತುಂಬುವಾಗಲೂ ಅವರನ್ನು ಯಾರೂ ಕರೆಯಲಿಲ್ಲ, ಅವರೂ ಏಳಲಿಲ್ಲ. ಗಂಡ ಹೋದವರನ್ನು ಅಂಥದಕ್ಕೆ ಕರೆಯುವುದಿಲ್ಲ. ಅದು ಎಲ್ಲರಿಗೂ ಗೊತ್ತಿರುವ ಸಂಗತಿ, ಯಾರೂ ಬಾಯಿಬಿಟ್ಟು ಹೇಳುವುದಲ್ಲ. ಅವರ ಕುರ್ಚಿಯ ಬುಡದಲ್ಲಿ, ನಾನೇ ಹೇಳಿದ್ದರಿಂದ, ಈಕೆ ಕೂತಿದ್ದಳು.

ಆಮೇಲೆ ಒಡಪು ಶುರುವಾಯಿತು. ನಮ್ಮ ಕಡೆ ಹೆಂಗಸರು ಗಂಡನ ಹೆಸರನ್ನು ಹಾಗೇ ಹೇಳುವುದಿಲ್ಲ. ಇಂಥ ದಿನ, ಎಲ್ಲರೂ ಕೂತಿರುವಾಗ, ಪ್ರಾಸದ ಎರಡು ಸಾಲು ಕಟ್ಟಿ ಅದರೊಳಗೆ ಹೆಸರು ಇಟ್ಟು ಹೇಳುತ್ತಾರೆ. ಅದೇ ಒಡಪು. ಒಬ್ಬಳು ಹೇಳಿ ಮುಗಿಸಿ ಪಕ್ಕದವಳನ್ನು ಮುಟ್ಟಿ, ನಿನ್ನದು ಎನ್ನಬೇಕು. ಹೊಸ ಮದುವೆಯವರು ನಾಚುತ್ತಾರೆ, ಹಳಬರು ಗಂಡನನ್ನು ಸ್ವಲ್ಪ ಚುಚ್ಚುತ್ತಾರೆ, ಎಲ್ಲರೂ ನಗುತ್ತಾರೆ. ನನ್ನದೂ ಆಯಿತು. ಸುತ್ತು ಬರುತ್ತ ಬರುತ್ತ ಈಕೆಯ ತನಕ ಬಂತು. ಪುಣೆಯವನಿಗೆ ಒಂದು ಹೆಸರಿಡುವುದನ್ನು ನಾನು ಮರೆತಿದ್ದೆನೆಂದು ಆಗ ಹೊಳೆಯಿತು. ಯಾವುದಾದರೂ ಹೆಸರು ಹೇಳೆಂದು ಕಣ್ಣಲ್ಲೇ ಸನ್ನೆ ಮಾಡಿದೆ.

ಆಕೆ ಸೆರಗು ಸರಿಮಾಡಿಕೊಂಡು ಹೇಳಿದಳು:

"ಎರಿ ಹೊಲದಾಗ ತೂಗೈತಿ ಬಿಳಿಜ್ವಾಳದ ತೆನಿ,
ಕತಿ ಬರಿಯೂದು ನನ್ನ ಕಸಬು, ಮ್ಯಾಲಿನ ಖೋಲಿ ನನ್ನ ಮನಿ."

ಯಾರೂ ನಗಲಿಲ್ಲ. ಹೆಸರು ಎಲ್ಲಿ ಎಂದು ಕಾದರು. ಆಕೆ, ಅಷ್ಟಕ್ಕೇ ಬಿಡಬಾರದೇ, "ಜಾಹೀರಾತೂ ಬರಕೊಡ್ತೀನ್ರಿ. ಒಡಪಿನ್ಯಾಗ ಹಿಡೀಲಿಲ್ಲ," ಎಂದಳು. ನನ್ನ ಬೀಗತಿ ನನ್ನ ಮುಖ ನೋಡಿದಳು. ಇಂಥವರನ್ನು ಮನೆಯಲ್ಲಿಟ್ಟುಕೊಂಡಿದ್ದೀರಾ ಎಂಬ ನೋಟ ಅದು.

ಕೆಲಸ ಹೋದಂತೆ ಎಂದು ನಾನು ಲೆಕ್ಕ ಹಾಕುತ್ತಿರುವಾಗಲೇ ಆಕೆ ಅದಕ್ಕಿಂತ ದೊಡ್ಡದೊಂದು ಮಾಡಿದಳು. ಪಕ್ಕಕ್ಕೆ ತಿರುಗಿ, ಕುರ್ಚಿಯಲ್ಲಿ ಕೂತಿದ್ದ ಹಿರಿಯರ ಪಾದ ಮುಟ್ಟಿ, "ನಿಮ್ಮದ್ರಿ ಅಮ್ಮಾರ," ಎಂದಳು.

ಒಳಗೆ ಬಾಣಲೆಯಲ್ಲಿ ಮಿರ್ಚಿ ಭಜಿ ಕರಿಯುವ ಸದ್ದು ಕೇಳುತ್ತಿತ್ತು. ಗಂಡ ಸತ್ತವರಿಗೆ ಒಡಪು ಕೇಳಿದ್ದನ್ನು ನಾನು ನನ್ನ ಜೀವಮಾನದಲ್ಲಿ ಕಂಡಿರಲಿಲ್ಲ. ಅವರ ಸೊಸೆ ಎದ್ದು, ಅತ್ತಿಯವ್ರ ಹೋಗೂಣು ನಡೀರಿ ಎಂದಳು. ನಾನು ಎದ್ದು ಏನೋ ಹೇಳಲು ಹೋದೆ, ಏನೆಂದು ಹೇಳಲಿ? ಈಕೆಗೆ ತಿಳಿಯುವುದಿಲ್ಲ ಎನ್ನಲೇ? ತಿಳಿಯದೆ ಇರಲು ಈಕೆಯೇನು ಬೇರೆ ಸೀಮೆಯವಳೇ?

ಹಿರಿಯರು ಸೊಸೆಗೆ ಕೈಸನ್ನೆ ಮಾಡಿ ಕೂರಿಸಿದರು. ತುಟಿ ಅಲುಗುತ್ತಿತ್ತು. ಬೈಯಲು ಮಾತು ಹುಡುಕುತ್ತಿದ್ದಾರೆಂದು ನಾನು ತಿಳಿದೆ. ಅವರು ಹುಡುಕುತ್ತಿದ್ದುದು ಸಾಲುಗಳನ್ನು.

"ಹುಲಿಗಿ ಊರ ಮುಂದ ಹೊಳಿ ತುಂಬಿ ಹರದೈತಿ..." ಎಂದು ನಿಂತರು. ಮತ್ತೆ ಮೊದಲಿನಿಂದ ಹಿಡಿದರು.

"ಹುಲಿಗಿ ಊರ ಮುಂದ ಹೊಳಿ ತುಂಬಿ ಹರದೈತಿ,
ಬಸಲಿಂಗಪ್ಪನವ್ರು ಕರದ್ರ ಕೈಯಾನ ಬಳಿ ತಾನ ನುಡದೈತಿ."

ಹೇಳುವಾಗ ರೂಢಿಯಂತೆ ಬಲಗೈ ಮೇಲೆತ್ತಿದ್ದರು. ಬರಿಗೈ. ಅದನ್ನು ಹಾಗೇ ಸ್ವಲ್ಪ ಹೊತ್ತು ನೋಡಿ ಮಡಿಲಲ್ಲಿ ಇಟ್ಟುಕೊಂಡರು.

"ಅವ್ರು ಹೋದ ಮ್ಯಾಲ ಈ ಹೆಸರು ಬಾಯಾಗ ಬಂದಿರಲಿಲ್ಲ," ಎಂದರು. ಯಾರಿಗೆಂದು ತಿಳಿಯದಂತೆ ಮೆಲ್ಲಗೆ ಹೇಳಿದರು. "ಒಡಪ ಕೇಳಿದ್ರ ಅಲ್ಲೇನು ಹೇಳೂದು. ಯಾರೂ ಕೇಳಲಿಲ್ಲ."

ನಾನು ಅಷ್ಟೊಂದು ಜನರ ಜೊತೆ ವ್ಯವಹಾರ ಮಾಡಿದವಳು, ಇದು ನನಗೆ ಒಂದು ದಿನವೂ ಹೊಳೆದಿರಲಿಲ್ಲ. ಗಂಡ ಇರುವಾಗ ಹೆಸರು ಹೇಳಲು ಒಡಪೊಂದೇ ದಾರಿ. ಗಂಡ ಹೋದ ಮೇಲೆ ಒಡಪು ಕೇಳುವವರಿಲ್ಲ. ಹಾಗಾದರೆ ಆ ಹೆಸರು ಎಲ್ಲಿಗೆ ಹೋಗಬೇಕು?

ಸುತ್ತು ಮುಂದೆ ಸಾಗಿತು. ಹಿರಿಯರು ಊಟ ಮಾಡಿದರು, ನನ್ನೊಂದಿಗೆ ವ್ಯವಹಾರದ ಮಾತು ಒಂದೂ ಆಡಲಿಲ್ಲ, ಕಾರು ಹತ್ತಿ ಹೋದರು. ಹೋಳಿಗೆಯ ಸಮಯ ತಪ್ಪಿತ್ತು. ಆ ಸಂಜೆ ಈಕೆಯನ್ನು ಹಿಡಿದು ಕೇಳಿದೆ: ತಿಳಿದು ಮಾಡಿದೆಯೋ, ಮರೆತು ಮಾಡಿದೆಯೋ? ಆಕೆ ಪಾತ್ರೆ ತಿಕ್ಕುತ್ತಲೇ, "ಸುತ್ತಿನ್ಯಾಗ ಮುಂದ ಅವ್ರ ಇದ್ರಲ್ರಿ ಅಕ್ಕಾರ," ಎಂದಳು. ಇವತ್ತಿಗೂ ನನಗೆ ಸಿಕ್ಕ ಉತ್ತರ ಅದೇ.

ದೀಪಾವಳಿ ಹತ್ತಿರ ಬಂತು. ಗಂಗಾವತಿಯಿಂದ ಸುದ್ದಿಯಿಲ್ಲ. ಅಣ್ಣ ಹೇಳಿದಂತೆ ಟೆಂಪೋ ತಂದ. ಆಕೆ ಪುಸ್ತಕಗಳನ್ನು ಜೋಳದ ಚೀಲಗಳಲ್ಲಿ ತುಂಬಿ ಬಾಯಿ ಕಟ್ಟಿದ್ದಳು. ಟೆಂಪೋಗೆ ಅರ್ಧ ಸಾಮಾನು ಏರಿಸುವಷ್ಟರಲ್ಲಿ ನನ್ನ ಫೋನು ರಿಂಗಾಯಿತು. ಗಿರಣಿಯ ಹಿರಿಯರೇ.

"ಆ ಕತಿ ಬರಿಯಾಕಿನ್ನ ಕಳಸ್ರಿ," ಎಂದರು.

ಟೀಚರ್ ಅನ್ನಲಿಲ್ಲ, ಇಂಥವರ ಹೆಂಡತಿ ಅನ್ನಲಿಲ್ಲ. ನಾನು ಚೌಕಾಸಿಗೆ ಗಂಟಲು ಸರಿಮಾಡಿಕೊಂಡು, ತಿಂಗಳಿಗೆ ಎಷ್ಟು, ಯಾವಾಗಿನಿಂದ, ಹಬ್ಬಕ್ಕೆ ಏನು ಎಂದು ಶುರು ಮಾಡುವಷ್ಟರಲ್ಲಿ ಈಕೆ ಫೋನು ಇಸಿದುಕೊಂಡು, ಬರ್ತೀನ್ರಿ ಎಂದುಬಿಟ್ಟಳು. ಎಂಥ ಮಾತು ಅದು, ಬೆಲೆ ಕೇಳದೆ ಬರ್ತೀನ್ರಿ. ಗಿರಣಿ ಮನೆಯ ಹಿಂದಿನ ಖೋಲಿಯೂ ಅದರಲ್ಲೇ ಸೇರಿತ್ತು. ನಾನು ಕೆಲಸ ಹುಡುಕಿ ಕೊಟ್ಟು ಬಾಡಿಗೆದಾರಳನ್ನೂ, ಪೊಟ್ಟಣ ಬರೆಯುವವಳನ್ನೂ ಒಟ್ಟಿಗೆ ಕಳೆದುಕೊಂಡೆ. ಟೆಂಪೋ ಯಲಬುರ್ಗಾದ ಬದಲು ಗಂಗಾವತಿಯ ದಾರಿ ಹಿಡಿಯಿತು. ಅಣ್ಣ ಮಾತ್ರ ಡೀಸೆಲ್ಲಿನ ವ್ಯತ್ಯಾಸ ಯಾರು ಕೊಡುತ್ತಾರೆಂದು ಕೇಳಿದ. ಆತನ ಮೇಲೆ ನನಗೆ ಗೌರವ ಬಂದದ್ದು ಆಗಲೇ.

ಅಲ್ಲಿಯೂ ಸುಮ್ಮನಿರಲಿಲ್ಲ ಎಂದು ಕೇಳಿದ್ದೇನೆ. ಚೀಲದ ಮೇಲೆ 'ವರ್ಷದ ಹಳೆಯ ಅಕ್ಕಿ' ಎಂದು ಬರೆ ಎಂದರೆ ಗೋದಾಮಿಗೆ ಹೋಗಿ ಅಕ್ಕಿ ಮೂಸಿ ನೋಡಿ, ವರ್ಷ ಆಗಿಲ್ಲ, ಆದ ಮೇಲೆ ಬರೆಯುತ್ತೇನೆ ಎಂದಳಂತೆ. ಮಕ್ಕಳು ತಾಯಿಗೆ ದೂರು ಹೇಳಿದರು. ತಾಯಿ ಹೂಂ ಎಂದರು. ಹೂಂ ಎಂದರೆ ಹೂಂ. ಚೀಲಗಳು ಕಾಯುತ್ತಿವೆ.

ಮೊನ್ನೆ ಮೊಮ್ಮಗಳನ್ನು ತೊಟ್ಟಿಲಿಗೆ ಹಾಕಿದೆವು. ಹಿರಿಯರು ಬಂದರು, ಜೊತೆಯಲ್ಲಿ ಆಕೆ. ಮೈಕೈ ತುಂಬಿಕೊಂಡಿದ್ದಾಳೆ, ಹೊಸ ಪೆನ್ನು, ಟೊಪ್ಪಿಗೆ ಮಾತ್ರ ಆಗಲೇ ಕಚ್ಚಿದ್ದು. ನಮ್ಮ ಬೀಗರ ಕಡೆಯ ಹೆಂಗಸೊಬ್ಬಳು ನೀವ್ಯಾರ ಪೈಕಿ ಎಂದು ಕೇಳಿದಳು. ನಾನು ಅಡ್ಡ ಹೋಗುವಷ್ಟರಲ್ಲಿ, "ನಾ ಕತಿ ಬರಿತೀನ್ರಿ, ಅದು ನನ್ನ ಕಸಬು, ಹೊಟ್ಟಿಪಾಡಿಗೆ..." ಎಂದು ಹಳೆಯದೆಲ್ಲ ಶುರುವಾಯಿತು. ಪೂರ್ತಿ ಹೇಳಿದಳು, ಗಂಡನನ್ನು ಬಿಟ್ಟದ್ದರವರೆಗೆ. ಇಷ್ಟು ದಿನ ಕಲಿಸಿದ್ದು ಎಲ್ಲಿ ಹೋಯಿತೋ.

ಒಡಪು ಸುತ್ತಿ ಬಂತು. ಹಿರಿಯರ ಕುರ್ಚಿಯ ಪಕ್ಕದಲ್ಲಿ ಈ ಸಲ ನನ್ನ ಬೀಗತಿ ಕೂತಿದ್ದಳು. ಕುಬುಸದ ದಿನ ನನ್ನನ್ನು ಹಾಗೆ ನೋಡಿದವಳು. ತನ್ನದು ಹೇಳಿ ಮುಗಿಸಿ, ಒಂದು ಕ್ಷಣ ತಡೆದು, ಕುರ್ಚಿಯ ಕಡೆ ತಿರುಗಿ ಅವರ ಪಾದ ಮುಟ್ಟಿದಳು. ಎಲ್ಲರೂ ಕಾದರು.

"ತಡೀರಿ," ಎಂದರು ಹಿರಿಯರು, ಕನ್ನಡಕ ಸರಿಮಾಡಿಕೊಳ್ಳುತ್ತ. "ಇವತ್ತ ಹೊಸಾದು ಐತಿ."

ಅದನ್ನು ಕಟ್ಟಿಕೊಟ್ಟವರು ಯಾರೆಂದು ಕೇಳುವ ಅಗತ್ಯವಿರಲಿಲ್ಲ. ಊಟದ ಹೊತ್ತಿನಲ್ಲಿ ಆಕೆಯನ್ನು ಒಲೆಯ ಹತ್ತಿರ ಕರೆದು, ಇದಕ್ಕೆ ಬೇರೆ ತಗೊಂಡೆಯೋ, ಸಂಬಳದಲ್ಲೇ ಸೇರಿಸಿಕೊಟ್ಟೆಯೋ ಎಂದು ಕೇಳಿದೆ.

"ಒಡಪಿಗೆ ಯಾರರ ರೊಕ್ಕ ತಗೋತಾರೇನ್ರಿ ಅಕ್ಕಾರ," ಎಂದು ನನ್ನ ತಟ್ಟೆಯಿಂದಲೇ ರೊಟ್ಟಿ ಎತ್ತಿಕೊಂಡು, ಕಿವಿಯ ಹತ್ತಿರ ಹಿಡಿದು ಮುರಿದಳು.